ಭೀಮಾತೀರದ ಹಾಳುಕೋಟೆಗಳೂ ಹಳ್ಳಿಯ ಹುಡೆಗಳೂ

ಕೋಟೆಯೆಂದ ಕೂಡಲೆ ಕನ್ನಡಿಗರ ಕಣ್ಣೆದುರು ನಿಲ್ಲುವುದು ಗಿರಿದುರ್ಗದ ಚಿತ್ರವು. ಚಿತ್ರದುರ್ಗ, ಮಧುಗಿರಿ, ಕವಲೇದುರ್ಗಗಳಲ್ಲಿ ನಿಸರ್ಗವೇ ಮುಕ್ಕಾಲು ಪಾಲು ಕೋಟೆಯನ್ನು ಕಟ್ಟಿಕೊಟ್ಟಿತು. ಉಳಿದ ಕಾಲು ಪಾಲನ್ನು ಮನುಷ್ಯನು ಕಟ್ಟಿ ಮುಗಿಸಿದನು. ಕಲಬುರಗಿ ಜಿಲ್ಲೆಯ ಪಶ್ಚಿಮಕ್ಕೂ ನೈರುತ್ಯಕ್ಕೂ ಹಬ್ಬಿರುವ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಗೆ ನಿಸರ್ಗವು ಈ ಉಪಕಾರವನ್ನು ಮಾಡಲಿಲ್ಲ. ಇಲ್ಲಿರುವುದು ಎರೆಭೂಮಿ, ಜೋಳ ತೊಗರಿಗಳ ಬಯಲು, ಭೀಮಾನದಿ ಮತ್ತು ಅದನ್ನು ಗಾಣಗಾಪುರದ ಬಳಿ ಕೂಡಿಕೊಳ್ಳುವ ಅಮರ್ಜಾ. ಮಳೆಗಾಲ ಕಳೆದು ಹೊಳೆ ಇಳಿಯಿತೆಂದರೆ ಯಾವ ದಿಕ್ಕಿನಿಂದಾದರೂ ಕುದುರೆಯ ದಂಡು ತಡೆಯಿಲ್ಲದೆ ಬರಬಹುದಾಗಿತ್ತು. ಆದಕಾರಣ ಈ ಸೀಮೆಯವರು ರಕ್ಷಣೆಗಾಗಿ ಎತ್ತರವನ್ನು ಹುಡುಕಿಕೊಂಡು ಹೋಗಲಿಲ್ಲ. ಎತ್ತರವನ್ನು ತಾವೇ ಕಟ್ಟಿಕೊಂಡರು. ಅರಸರು ಬಯಲಿನಲ್ಲಿ ಕಲ್ಲಿನ ಕೋಟೆಗಳನ್ನೆಬ್ಬಿಸಿದರು. ರೈತರು ಊರ ನಡುವೆ ಹುಡೆಗಳನ್ನೆಬ್ಬಿಸಿದರು. ಯುದ್ಧದ ಕಾಲವು ಕಳೆದುಹೋದ ಬಳಿಕ ಎರಡೂ ಬಗೆಯ ಕಟ್ಟಡಗಳು ಒಡೆಯರಿಲ್ಲದೆ ಉಳಿದವು. ಅವುಗಳ ಇಂದಿನ ಅವಸ್ಥೆಯನ್ನೂ ಅವನ್ನು ಕಾಯುವ ಬಗೆಯನ್ನೂ ವಿಚಾರಿಸುವುದು ಇತಿಹಾಸದ ಅಭಿಮಾನಿಗಳೆಲ್ಲರ ಕರ್ತವ್ಯವಾಗಿರುತ್ತದೆ.

ಭೀಮಾತೀರದಲ್ಲಿ ಕೋಟೆ ಕಟ್ಟುವ ಪದ್ಧತಿಯು ಬಹು ಪುರಾತನವಾದದ್ದು. ಜೇವರ್ಗಿಯಿಂದ ನದಿಯ ಗುಂಟ ಕೆಳಗೆ ಸಾಗಿದರೆ ಚಿತ್ತಾಪುರ ತಾಲೂಕಿನ ಸನ್ನತಿಯು ಸಿಕ್ಕುತ್ತದೆ. ಅಲ್ಲಿಯ ರಣಮಂಡಲವೆಂಬ ಸ್ಥಳವು ಶಾತವಾಹನರ ಕಾಲಕ್ಕೆ ಸಲ್ಲುವ, ಕೋಟೆಗೋಡೆಯಿಂದ ಸುತ್ತುವರಿದ ವಸತಿಯ ಅವಶೇಷವಾಗಿದೆ. ಅಂದರೆ ಸುಮಾರು ಎರಡು ಸಾವಿರ ವರ್ಷಗಳಿಂದಲೂ ಈ ನದಿಯ ದಂಡೆಯ ಜನರು ಗೋಡೆಯ ಮರೆಯಲ್ಲಿ ಬಾಳುವುದನ್ನು ಬಲ್ಲವರಾಗಿದ್ದರು. ೧೯೮೬ರಲ್ಲಿ ಅದೇ ಊರಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಗುಡಿಯ ಮಾಡು ಕುಸಿದಾಗ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದಿತು. ಹಳೆಯ ಕಲ್ಲೊಂದು ಯಾವ ಮಾತನ್ನು ತನ್ನಲ್ಲಿ ಅಡಗಿಸಿಕೊಂಡಿದೆಯೆಂಬುದು ಮೇಲುನೋಟಕ್ಕೆ ತೋರಲಾರದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವು ಬೇಡ. ಜೇವರ್ಗಿಯಾದರೂ ಪುರಾತತ್ತ್ವದ ಇತಿಹಾಸದಲ್ಲಿ ಅಪರಿಚಿತವಲ್ಲ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ೧೮೫೦ರ ಸುಮಾರಿಗೆ ಜೇವರ್ಗಿಯ ಬಳಿಯ ಬೃಹತ್‌ಶಿಲಾ ಸಮಾಧಿಗಳನ್ನು ಅಗೆಯಿಸಿ, ಅವುಗಳ ವಿವರವನ್ನು ಮುಂಬಯಿಯ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ದಕ್ಷಿಣ ಭಾರತದಲ್ಲಿ ಇಂಥ ಸಮಾಧಿಗಳನ್ನು ಕ್ರಮವರಿತು ಪರೀಕ್ಷಿಸಿದ ಮೊದಮೊದಲಿನ ಪ್ರಯತ್ನಗಳಲ್ಲಿ ಇದು ಒಂದು.

ಮಧ್ಯಯುಗಕ್ಕೆ ಬಂದರೆ, ಈ ಪ್ರದೇಶದ ದುರ್ಗರಚನೆಯ ಇತಿಹಾಸವು ಬಹಮನಿ ರಾಜ್ಯದೊಡನೆ ಹೆಣೆದುಕೊಂಡಿದೆ. ಕ್ರಿ. ಶ. ೧೩೪೭ರಲ್ಲಿ ಅಲಾವುದ್ದೀನ ಹಸನ ಬಹಮನಶಾಹನು ಸ್ವತಂತ್ರನಾಗಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಅಲ್ಲಿಯ ಕೋಟೆಯನ್ನು ಬಲಪಡಿಸಿದನು. ಅದರ ಒಳಗಿನ ಜಾಮಿ ಮಸೀದಿಯು ೧೩೬೭ರದು. ೨೧೬ ಅಡಿ ಉದ್ದ, ೧೭೬ ಅಡಿ ಅಗಲದ, ತೆರೆದ ಅಂಗಳವಿಲ್ಲದೆ ಪೂರ್ತಿಯಾಗಿ ಮಾಡು ಹೊದಿಸಿದ ಈ ಕಟ್ಟಡಕ್ಕೆ ದಕ್ಷಿಣದಲ್ಲಿ ಹೋಲಿಕೆ ದೊರೆಯುವುದು ಕಠಿಣ. ಆದರೆ ಮೂರು ತಾಲೂಕುಗಳ ದೃಷ್ಟಿಯಿಂದ ಕಲಬುರಗಿಗಿಂತಲೂ ಹೆಚ್ಚಿಗೆ ವಿಚಾರಿಸಬೇಕಾದದ್ದು ಜೇವರ್ಗಿಯ ಸೀಮೆಗೆ ಎದುರಾಗಿ ಭೀಮೆಯ ಪೂರ್ವದಂಡೆಯ ಮೇಲೆ ಬಿದ್ದಿರುವ ಫಿರೋಜಾಬಾದವನ್ನು.

ಫಿರೋಜಶಾಹ ಬಹಮನಿಯು ೧೩೯೭ರಿಂದ ೧೪೨೨ರ ವರೆಗೆ ಆಳಿದನು. ವಿಜಯನಗರದೊಡನೆ ಅವನು ಮೇಲಿಂದ ಮೇಲೆ ಕಾದಿದನು. ದಕ್ಷಿಣಕ್ಕೆ ದಂಡೆತ್ತಿ ಹೋಗುವ ಸೈನ್ಯಕ್ಕೆ ಕಲಬುರಗಿಯು ತುಸು ದೂರ. ಭೀಮೆಯ ದಂಡೆಯಾದರೋ ನೀರು, ಮೇವು, ದಾರಿ ಮೂರೂ ಕೂಡಿದ ಸ್ಥಳ. ೧೪೦೦ರ ಸುಮಾರಿಗೆ ಕಲಬುರಗಿಯ ದಕ್ಷಿಣಕ್ಕೆ ಅವನು ತನ್ನ ಹೆಸರಿನ ನಗರವನ್ನು ಕಟ್ಟಿಸಿದನು. ಪಶ್ಚಿಮಕ್ಕೆ ನದಿಯೇ ಕಂದಕ, ಉಳಿದ ಮೂರು ದಿಕ್ಕಿಗೆ ಕೊತ್ತಳಗಳಿಂದ ಕೂಡಿದ ದಪ್ಪನಾದ ಕಲ್ಲುಗೋಡೆ, ಕಮಾನುಗಳುಳ್ಳ ಹೆಬ್ಬಾಗಿಲುಗಳು. ಒಳಗೆ ಅರಮನೆಯ ಚೌಕಗಳು, ವಿಸ್ತಾರವಾದ ಜಾಮಿ ಮಸೀದಿ, ದಖ್ಖನಿನಲ್ಲಿಯೇ ಹಳೆಯವುಗಳಲ್ಲಿ ಎಣಿಸಲ್ಪಡುವ ಸ್ನಾನಗೃಹಗಳು. ವಿಜಾಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫಿರಿಶ್ತನು ಈ ಪಟ್ಟಣದ ನೇರವಾದ ಬೀದಿಗಳನ್ನೂ ಅಂಗಡಿಗಳ ಸಾಲನ್ನೂ ನದಿಯಿಂದ ಅರಮನೆಗೆ ತಂದ ಕಾಲುವೆಯನ್ನೂ ಹೊಗಳಿದ್ದಾನೆ.

ಈ ವೈಭವವು ಬಹುಕಾಲ ಉಳಿಯಲಿಲ್ಲ. ೧೪೨೦ರಲ್ಲಿ ಪಾನಗಲ್ಲಿನಲ್ಲಿ ಫಿರೋಜನು ವಿಜಯನಗರದ ಸೈನ್ಯದಿಂದ ಸೋತುಹೋದನು. ಎರಡು ವರ್ಷಗಳ ತರುವಾಯ ತಮ್ಮನಾದ ಅಹಮದಶಾಹನಿಗೆ ಸಿಂಹಾಸನವನ್ನು ಬಿಟ್ಟುಕೊಟ್ಟು ತೀರಿಕೊಂಡನು. ಅಹಮದಶಾಹನು ರಾಜಧಾನಿಯನ್ನು ಬೀದರಕ್ಕೆ ಒಯ್ದನು. ಒಬ್ಬ ಅರಸನ ಇಚ್ಛೆಯಿಂದ ಎದ್ದ ನಗರವು ಅವನೊಡನೆಯೇ ಆರಿಹೋಯಿತು. ಅದರ ಮೇಲೆ ಬೇರೆ ಕಾಲದವರು ಬೇರೆ ನಗರವನ್ನು ಕಟ್ಟಲಿಲ್ಲವಾದುದರಿಂದಲೇ, ಹದಿನೈದನೆಯ ಶತಮಾನದ ಆರಂಭದ ಒಂದು ರಾಜಪಟ್ಟಣದ ನಕ್ಷೆಯು ನೆಲದ ಮೇಲೆ ಇಂದಿಗೂ ಓದುವಂತೆ ಉಳಿದಿದೆ. ಜಾರ್ಜ್ ಮಿಷೆಲ್, ರಿಚರ್ಡ್ ಈಟನ್ ಎಂಬ ವಿದ್ವಾಂಸರು ಈ ಸ್ಥಳವನ್ನು ಅಳೆದು, ಆ ನಕ್ಷೆಯನ್ನು ೧೯೯೨ರಲ್ಲಿ ಪುಸ್ತಕರೂಪದಿಂದ ಹೊರತಂದರು. ಹಾಳಾಗಿರುವುದೇ ಫಿರೋಜಾಬಾದದ ಬೆಲೆಯು. ಅಲ್ಲಿಯ ಗೋಡೆಯ ಕಲ್ಲೊಂದು ಕಿತ್ತುಹೋದರೆ ಆ ನಕ್ಷೆಯ ಒಂದು ಗೆರೆಯೇ ಅಳಿಸಿಹೋದಂತೆ.

ಅರಸರ ಕೋಟೆಗಳ ಮಾತು ಇಷ್ಟಾಯಿತು. ಆದರೆ ಅವುಗಳ ಗೋಡೆಯು ರಕ್ಷಿಸಿದ್ದು ಗೋಡೆಯೊಳಗಿನವರನ್ನು ಮಾತ್ರ. ಹೊಲದಲ್ಲಿ ನಿಂತ ರೈತನ ಗತಿಯೇನು? ಈ ಪ್ರಶ್ನೆಗೆ ಉತ್ತರವೇ ಹುಡೆ.

ಹುಡೆಯೆಂಬುದು ಕನ್ನಡದ ಹಳೆಯ ಮಾತು. ಜನರ ಬಾಯಲ್ಲಿ ಹುಡೇವು ಎಂದೂ ಬುರುಜು ಎಂದೂ ಕೇಳಬರುತ್ತದೆ. ಊರಿನ ದಿಬ್ಬದ ಮೇಲೆ, ಹಲವು ಕಡೆ ಗೌಡರ ವಾಡೆಗೆ ಹೊಂದಿ, ಗುಂಡಗೆ ಕಟ್ಟಿದ ಗೋಪುರವಿದು. ಹೊರಮೈಗೆ ಕಲ್ಲು, ಒಳಗೆ ಗಟ್ಟಿಸಿ ತುಂಬಿದ ಮಣ್ಣು ಹೆಂಟೆ, ಏರಲು ಇಕ್ಕಟ್ಟಾದ ಮೆಟ್ಟಿಲು, ನೆತ್ತಿಯ ಮೇಲೆ ಬಂದೂಕಿನ ಕಂಡಿಗಳುಳ್ಳ ಮೋಟುಗೋಡೆ. ವಿಜಾಪುರದಲ್ಲಿ ೧೫೮೪ರಲ್ಲಿ ಹೈದರಖಾನನು ಕಟ್ಟಿಸಿದ, ಸುಮಾರು ೮೦ ಅಡಿ ಎತ್ತರದ ಉಪಲಿ ಬುರುಜು ಇದೇ ಆಕಾರದ ರಾಜವೈಭವದ ರೂಪ. ಹಳ್ಳಿಯ ಹುಡೆಯು ಅದರ ಬಡ ಬಂಧು. ಹುಡೆಯ ಮೇಲೆ ಕಾವಲಿನವನು ದೂರದ ಧೂಳನ್ನು ಕಂಡು ಕೂಗಿದರೆ ದನಕರುಗಳು ಊರೊಳಗೆ ಬರುತ್ತಿದ್ದವು, ಅಗಸೆಯ ಬಾಗಿಲು ಮುಚ್ಚುತ್ತಿತ್ತು. ದೊಡ್ಡ ಸೈನ್ಯವನ್ನು ಎದುರಿಸಲು ಇದು ಸಾಲದು. ಆದರೆ ಸುಲಿಗೆಗೆ ಬಂದ ನೂರಾರು ಕುದುರೆಯವರು ಒಂದು ದಿನ ಕಾಯಬೇಕಾದರೂ ಸಾಕು, ಅವರು ಮುಂದಿನ ಊರಿನ ದಾರಿ ಹಿಡಿಯುತ್ತಿದ್ದರು. ಹುಡೆಯ ತಂತ್ರವೆಲ್ಲವೂ ಈ ಒಂದು ಲೆಕ್ಕದ ಮೇಲೆ ನಿಂತಿತ್ತು.

ಇಂಥ ಲೆಕ್ಕವು ಏತಕ್ಕೆ ಬೇಕಾಯಿತೆಂಬುದನ್ನು ಆ ಕಾಲದ ರಾಜಕೀಯವು ತಿಳಿಸುತ್ತದೆ. ೧೬೮೬ರಲ್ಲಿ ವಿಜಾಪುರವೂ ೧೬೮೭ರಲ್ಲಿ ಗೋಲಕೊಂಡೆಯೂ ಮೊಗಲರ ಕೈಸೇರಿದ ಮೇಲೆ ಈ ಸೀಮೆಯಲ್ಲಿ ಹಳೆಯ ಅಧಿಕಾರವು ಮುರಿಯಿತು, ಹೊಸದು ಬೇರೂರಲಿಲ್ಲ. ೧೭೦೫ರಲ್ಲಿ ಮುದಿ ಔರಂಗಜೇಬನೇ ಸ್ವತಃ ಬಂದು ಜೇವರ್ಗಿಯ ದಕ್ಷಿಣಕ್ಕಿರುವ ವಾಗಣಗೇರಿಯ ಬೇಡರ ಕೋಟೆಗೆ ಮುತ್ತಿಗೆ ಹಾಕಿದನು; ತಿಂಗಳುಗಳು ಕಳೆದ ಮೇಲೆ ಅವನಿಗೆ ದೊರೆತದ್ದು ನಾಯಕನು ರಾತ್ರಿಯಲ್ಲಿ ಬಿಟ್ಟುಹೋದ ಬರಿಯ ಕೋಟೆ. ಅದೇ ಅವನ ಕಡೆಯ ಮುತ್ತಿಗೆಯಾಯಿತು. ೧೭೨೪ರಲ್ಲಿ ನಿಜಾಮನು ಸ್ವತಂತ್ರನಾದನು. ಮರಾಠರು ಚೌಥಾಯಿಯ ಹಕ್ಕನ್ನು ಕೇಳುತ್ತ ಬಂದರು. ೧೭೬೦ರ ಉದಗೀರ, ೧೭೯೫ರ ಖರ್ಡಾ ಕಾಳಗಗಳ ಹೆಸರು ಪುಸ್ತಕಗಳಲ್ಲಿವೆ. ಆ ಕಾಳಗಗಳಿಗೆ ಹೋಗುವ, ಬರುವ ದಂಡುಗಳು ಯಾರ ಹೊಲದ ಜೋಳವನ್ನು ಮೇಯಿಸಿದವೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರ ಹಿಂದೆ ಪೆಂಢಾರಿಗಳು. ೧೮೧೮ರಲ್ಲಿ ಪೆಂಢಾರಿಗಳು ಅಡಗಿದ ಮೇಲೆ ನಿಜಾಮ ಸೀಮೆಯಲ್ಲಿ ರೋಹಿಲರ ಹಾವಳಿ. ಬಖೈರುಗಳು, ತವಾರೀಖುಗಳು ಸರದಾರರ ಚರಿತ್ರೆಯನ್ನು ಹೇಳುತ್ತವೆ. ರೈತರು ತಮ್ಮ ಚರಿತ್ರೆಯನ್ನು ಬರೆದುಕೊಂಡದ್ದು ಹುಡೆಯ ಕಲ್ಲಿನಲ್ಲಿ ಮಾತ್ರ. ಅದು ಬಿದ್ದರೆ ಅದರ ಪ್ರತಿ ಇನ್ನೆಲ್ಲಿಯೂ ಇಲ್ಲ.

ಈ ಕಟ್ಟಡಗಳ ಯುದ್ಧಕಾಲವು ಮುಗಿದದ್ದು ಎಂದು? ಫಿರಂಗಿಯು ಬಲಿತಾಗಲೇ ಕೋಟೆಯ ಕಾಲವು ಮುಗಿಯಿತೆಂದು ಶಾಸ್ತ್ರಜ್ಞರು ಹೇಳುವರು. ಆದರೆ ಗಡಿಸೀಮೆಯಲ್ಲಿ ಭಯವು ಅಷ್ಟು ಬೇಗನೆ ಮುಗಿಯಲಿಲ್ಲ. ಅಫಜಲಪುರದ ಅಂಚಿನ ಭೀಮೆಯು ಆಗ ನಿಜಾಮ ರಾಜ್ಯಕ್ಕೂ ಮುಂಬಯಿ ಪ್ರಾಂತಕ್ಕೂ ಎಲ್ಲೆಯಾಗಿತ್ತು. ಆಳಂದದ ಆಚೆಗೆ ಸೊಲ್ಲಾಪುರದ ನೆಲ. ೧೯೪೭–೪೮ರಲ್ಲಿ ರಜಾಕಾರರ ಹಾವಳಿಯು ಹೆಚ್ಚಿದಾಗ ಸ್ವಾತಂತ್ರ್ಯಯೋಧರು ಈ ಎಲ್ಲೆಯ ಆಚೆಗೆ ಗಡಿ ಶಿಬಿರಗಳನ್ನು ಹೂಡಿದರು. ಈಚೆಯ ಊರುಗಳಲ್ಲಿ ರಾತ್ರಿಯ ಕಾವಲು ಮತ್ತೆ ದಿನಚರಿಯಾಯಿತು. ೧೯೪೮ರ ಸಪ್ಟಂಬರ ೧೩ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತದ ಸೇನೆಯು ಮೊದಲ ದಿನವೇ ಆಳಂದದಾಚೆಗಿನ ನಳದುರ್ಗವನ್ನು ವಶಪಡಿಸಿಕೊಂಡಿತು. ೧೭ರಂದು ನಿಜಾಮನು ಶರಣಾದನು. ಆದಿಲಶಾಹಿ ಕಾಲದಲ್ಲಿ ಎರಡು ರಾಜ್ಯಗಳ ಕೂಡುದಂಡಿನ ಮುತ್ತಿಗೆಯನ್ನು ತಡೆದಿದ್ದ ನಳದುರ್ಗದಲ್ಲಿ ಸೇನೆಗೆ ಬೇಕಾಗಿದ್ದದ್ದು ಬೋರಿ ನದಿಯ ಸೇತುವೆ. ಕೋಟೆಯು ಪಕ್ಕದಲ್ಲಿ ನೋಡುತ್ತ ನಿಂತಿತ್ತು. ಆ ದಿನದೊಂದಿಗೆ ಈ ಸೀಮೆಯ ಗೋಡೆಗಳ ಕೆಲಸವು ನಿಶ್ಚಯವಾಗಿ ತೀರಿತು.

ಕೆಲಸ ತೀರಿದ ವಸ್ತುವನ್ನು ಮನುಷ್ಯನು ಬೇಗನೆ ಮರೆಯುತ್ತಾನೆ. ಹುಡೆಯ ಕಲ್ಲು ದನದ ಕೊಟ್ಟಿಗೆಗೂ ಹೊಲದ ಒಡ್ಡಿಗೂ ಹೋಗುತ್ತದೆ. ಅಗಸೆಯ ಬಾಗಿಲು ಗಾಡಿ ಲಾರಿಗಳಿಗೆ ಇಕ್ಕಟ್ಟೆಂದು ಕೆಡವಲ್ಪಡುತ್ತದೆ. ನಿಧಿಯ ಆಸೆಯಿಂದ ಅಮಾವಾಸ್ಯೆಯ ರಾತ್ರಿ ಬುಡವನ್ನು ಅಗೆಯುವವರ ಕಾಟವು ಬೇರೆ. ಮಣ್ಣು ತುಂಬಿ ಕಟ್ಟಿದ ಗೋಪುರಕ್ಕೆ ಇದಕ್ಕಿಂತಲೂ ದೊಡ್ಡ ಶತ್ರುವು ಮಳೆಯ ನೀರು. ನೆತ್ತಿಯ ಗಚ್ಚು ಒಡೆದೊಡನೆ ನೀರು ಒಳಗಿಳಿಯುತ್ತದೆ. ಒಳಗಿನ ಮಣ್ಣು ಹಿಗ್ಗಿ ಹೊರಗಿನ ಕಲ್ಲನ್ನು ನೂಕುತ್ತದೆ. ಗೋಡೆಯು ಹೊಟ್ಟೆ ಬಿಡುತ್ತದೆ. ಸಂದಿನಲ್ಲಿ ಹಕ್ಕಿ ಹಾಕಿದ ಅರಳಿಯ ಬೀಜವು ಬೇರಿಳಿಸಿ ಉಳಿದ ಕೆಲಸವನ್ನು ಮುಗಿಸುತ್ತದೆ. ಒಂದು ಮಳೆಗಾಲದ ರಾತ್ರಿ ಅರ್ಧ ಹುಡೆಯು ಕುಸಿಯುತ್ತದೆ. ಮಕ್ಕಳಿಗೆ ಅಪಾಯವೆಂದು ಉಳಿದರ್ಧವನ್ನು ಊರವರೇ ಕೆಡವುತ್ತಾರೆ. ನದಿಯ ದಂಡೆಯ ಸ್ಥಳಗಳಿಗೆ ಪ್ರವಾಹದ ಭಯವೂ ಕೂಡಿದೆ. ೨೦೨೦ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಊರುಗಳನ್ನು ಮುಳುಗಿಸಿದ್ದು ಎಲ್ಲರ ನೆನಪಿನಲ್ಲಿದೆ.

ಕಾಯಿದೆಯಿಲ್ಲವೆಂದು ಹೇಳುವಂತಿಲ್ಲ. ಹೈದರಾಬಾದ ಸಂಸ್ಥಾನವು ೧೯೧೪ರಲ್ಲಿಯೇ ಪುರಾತತ್ತ್ವ ಇಲಾಖೆಯನ್ನು ತೆರೆದಿತ್ತು. ಅದರ ಅಧ್ಯಕ್ಷರಾಗಿದ್ದ ಗುಲಾಮ ಯಜದಾನಿಯವರು ಬೀದರದ ಸ್ಮಾರಕಗಳನ್ನು ದುರಸ್ತಿ ಮಾಡಿಸಿ, ಅವುಗಳ ಮೇಲೆ ೧೯೪೭ರಲ್ಲಿ ಹಿರಿದಾದ ಗ್ರಂಥವನ್ನು ಪ್ರಕಟಿಸಿದರು. ಬೀದರದ ಕೋಟೆಯು ಇಂದು ನಿಂತಿರುವ ಬಗೆಗೆ ಆ ಆರೈಕೆಯ ಋಣವು ಬಹಳವಿದೆ. ಸ್ವಾತಂತ್ರ್ಯಾನಂತರ ೧೯೫೮ರ ಕೇಂದ್ರದ ಕಾಯಿದೆಯೂ ೧೯೬೧ರ ಕರ್ನಾಟಕದ ಕಾಯಿದೆಯೂ ಬಂದವು. ೨೦೧೦ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರಿನೊಳಗೆ ಹೊಸ ಕಟ್ಟಡವನ್ನು ಕಟ್ಟಕೂಡದು. ಅದರಾಚೆಯ ೨೦೦ ಮೀಟರಿನಲ್ಲಿ ಅನುಮತಿ ಬೇಕು. ೨೦೧೪ರಲ್ಲಿ ಕಲಬುರಗಿ, ಬೀದರ, ವಿಜಾಪುರ, ಹೈದರಾಬಾದುಗಳ ಸುಲ್ತಾನರ ಕಾಲದ ಕೋಟೆ ಕಟ್ಟಡಗಳು ಯುನೆಸ್ಕೊದ ಸಂಭಾವ್ಯ ಪಟ್ಟಿಯನ್ನು ಸೇರಿದವು. ಆದರೆ ಈ ಕಾಯಿದೆಗಳೆಲ್ಲವೂ ಪಟ್ಟಿಯೊಳಗೆ ಹೆಸರು ಬಂದ ಸ್ಮಾರಕಕ್ಕೆ ಅನ್ವಯಿಸುತ್ತವೆ. ಹಳ್ಳಿಗೊಂದರಂತಿರುವ ಹುಡೆಯು ಎಷ್ಟರಮಟ್ಟಿಗೆ ಪಟ್ಟಿಯನ್ನು ಸೇರೀತು? ಅದು ರಾಷ್ಟ್ರಮಹತ್ತ್ವದ್ದೆಂದು ಯಾರೂ ಹೇಳರು. ಊರಮಹತ್ತ್ವದ್ದನ್ನು ಬರೆದಿಡುವ ಪಟ್ಟಿಯನ್ನು ಯಾರೂ ಮಾಡಲಿಲ್ಲ. ದೋಷವಿರುವುದು ಇಲ್ಲಿ.

ಪಟ್ಟಿ ಸೇರಿದೊಡನೆ ಕಷ್ಟವೆಲ್ಲವೂ ತೀರಿತೆಂದೂ ತಿಳಿಯಲಾಗದು. ಕಲಬುರಗಿಯ ಕೋಟೆಯು ಕಾಯಿದೆಯ ಆಶ್ರಯದಲ್ಲಿದ್ದರೂ ಅದರೊಳಗೆ ಮನೆಗಳು ಬೆಳೆದು, ಅಲ್ಲಿಯ ಕುಟುಂಬಗಳನ್ನು ತೆರವು ಮಾಡುವ ಪ್ರಶ್ನೆಯು ನ್ಯಾಯಾಲಯದ ವರೆಗೆ ಹೋಯಿತು. ಬಡವರು ಅಗ್ಗದ ನೆಲವೆಂದು ಬಂದು ತಲೆಮಾರುಗಳನ್ನು ಕಳೆದ ಜಾಗದಿಂದ, ಬೇರೆ ನೆಲೆಯನ್ನು ತೋರಿಸದೆ ಅವರನ್ನು ಎಬ್ಬಿಸುವುದು ನ್ಯಾಯವಲ್ಲ. ಅವರನ್ನು ಬೆಳೆಯಗೊಟ್ಟು ಸ್ಮಾರಕವನ್ನು ಕಳೆಯುವುದೂ ನ್ಯಾಯವಲ್ಲ. ಆರಂಭದಲ್ಲಿಯೇ ಎಚ್ಚರವಿದ್ದರೆ ಎರಡು ಅನ್ಯಾಯಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಪ್ರಸಂಗವೇ ಬಾರದು. ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ ೧೯೯೪ರಿಂದ ಅಗೆದು ತೆಗೆದ ಬೌದ್ಧಸ್ತೂಪದ ಶಿಲ್ಪಗಳು ಜೋಡಣೆಯ ಕಾರ್ಯಕ್ಕಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ನಳದುರ್ಗದಲ್ಲಿ ಬೇರೊಂದು ಪ್ರಯೋಗವು ನಡೆಯಿತು: ೨೦೧೪ರ ಸುಮಾರಿನಿಂದ ಮಹಾರಾಷ್ಟ್ರದ ಪುರಾತತ್ತ್ವ ಇಲಾಖೆಯು ಖಾಸಗಿ ಸಂಸ್ಥೆಯೊಂದಕ್ಕೆ ಕೋಟೆಯ ಆರೈಕೆಯನ್ನು ಒಪ್ಪಂದದ ಮೇಲೆ ಒಪ್ಪಿಸಿತು. ಜಲಮಹಲಿನ ಮೇಲಿಂದ ನೀರು ಧುಮುಕುವುದನ್ನು ನೋಡಲು ಜನರು ಬರುವ ಅಂಥ ಸ್ಥಳಕ್ಕೆ ಇದು ಒದಗೀತು. ನೋಡಲು ಟಿಕೀಟು ಕೊಟ್ಟು ಯಾರೂ ಬಾರದ ಹುಡೆಗೆ ಇದು ಒದಗಲಾರದು.

ಹುಡೆಗೆ ಒದಗುವ ಮಾದರಿಯು ದೂರದ ದೇಶದಿಂದ ದೊರೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುವು ಸಮುದ್ರ ದಾಟಿ ಬಂದಾನೆಂಬ ಭಯದಿಂದ ೧೯೪೦ರಲ್ಲಿ ಬ್ರಿಟನ್ನಿನವರು ಊರೂರ ಹೊಲಗಳಲ್ಲಿ, ಸೇತುವೆಗಳ ಬಳಿಯಲ್ಲಿ ಸಾವಿರಗಟ್ಟಲೆ ಕಾಂಕ್ರೀಟಿನ ಕಾವಲುಗೂಡುಗಳನ್ನು ಕಟ್ಟಿದರು. ಶತ್ರುವು ಬರಲಿಲ್ಲ, ಗೂಡುಗಳು ಹಾಳುಬಿದ್ದವು. ೧೯೯೫ರಲ್ಲಿ ಅಲ್ಲಿಯ ಪುರಾತತ್ತ್ವ ಪರಿಷತ್ತು ಇವುಗಳ ಗಣತಿಯನ್ನು ಕೈಕೊಂಡು, ಸಾಮಾನ್ಯ ಜನರಿಂದಲೇ ಅದನ್ನು ನಡೆಯಿಸಿತು; ಕೆಲವೇ ವರ್ಷಗಳಲ್ಲಿ ಸುಮಾರು ೨೦,೦೦೦ ಸ್ಥಳಗಳು ದಾಖಲೆಗೆ ಬಂದವು. ಎಲ್ಲವನ್ನೂ ಉಳಿಸುವುದು ಅವರಿಗೂ ಸಾಧ್ಯವಿರಲಿಲ್ಲ. ಆದರೆ ಯಾವುದನ್ನು ಉಳಿಸಬೇಕು, ಯಾವುದರ ಚಿತ್ರ ಅಳತೆಗಳಷ್ಟೇ ಸಾಕು ಎಂಬುದನ್ನು ನಿರ್ಣಯಿಸಲು ಮೊದಲು ಎಣಿಕೆಯು ಬೇಕೆಂಬುದನ್ನು ಅವರು ಕಂಡುಕೊಂಡರು.

ಮೂರು ತಾಲೂಕುಗಳಲ್ಲಿಯೂ ಮೊದಲು ಆಗತಕ್ಕದ್ದು ಇದೇ. ಶಾಲೆಯ ಉಪಾಧ್ಯಾಯರೂ ಕಾಲೇಜಿನ ವಿದ್ಯಾರ್ಥಿಗಳೂ ಗ್ರಾಮ ಪಂಚಾಯತಿಯವರೂ ಕೂಡಿ ಪ್ರತಿಯೊಂದು ಹುಡೆ, ಅಗಸೆ, ವಾಡೆ, ಹಾಳುಗೋಡೆಗಳನ್ನು ಅಳೆದು, ಚಿತ್ರ ತೆಗೆದು, ಸರ್ವೆ ನಂಬರಿನೊಡನೆ ಬರೆದಿಡಬೇಕು. ಊರ ಹಿರಿಯರು ಹೇಳುವ ಐತಿಹ್ಯವನ್ನು ಐತಿಹ್ಯವೆಂದೇ ಗುರುತಿಸಿ ಬರೆಯಬೇಕು. ಎರಡನೆಯದಾಗಿ ಒಡೆತನವು ನಿಶ್ಚಿತವಾಗಬೇಕು. ಯಾರದೂ ಅಲ್ಲದ್ದು ಎಲ್ಲರ ಕಲ್ಲುಗಣಿಯಾಗುತ್ತದೆ. ಪಂಚಾಯತಿಯ ಸ್ವತ್ತೆಂದು ಬರೆಯಿಸಿದ ದಿನದಿಂದ ಕಲ್ಲು ಕೀಳುವವನನ್ನು ಕೇಳುವವರಿರುತ್ತಾರೆ. ಮೂರನೆಯದಾಗಿ ಅಲ್ಪವ್ಯಯದ ನಿತ್ಯದ ಆರೈಕೆ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಗಿಡಗಳನ್ನು ಕಡಿಯುವುದು, ನೆತ್ತಿಗೆ ಗಚ್ಚು ಹಾಕಿ ನೀರು ಹರಿದುಹೋಗಲು ಇಳಿಜಾರನ್ನೂ ಹರನಾಳಿಗೆಯನ್ನೂ ಕೊಡುವುದು, ಸಡಿಲಾದ ಕಲ್ಲನ್ನು ಅದರ ಸ್ಥಾನದಲ್ಲಿಯೇ ಕೂಡಿಸುವುದು, ಇಷ್ಟರಿಂದಲೇ ಒಂದು ಹುಡೆಗೆ ಮತ್ತೊಂದು ತಲೆಮಾರಿನ ಆಯುಷ್ಯವು ಸಿಕ್ಕುತ್ತದೆ.

ದುರಸ್ತಿಯಲ್ಲಿ ಒಂದು ಎಚ್ಚರವು ಅವಶ್ಯ. ಹಳೆಯ ಗೋಡೆಗಳು ಸುಣ್ಣದ ಗಾರೆಯಿಂದಲೋ ಮಣ್ಣಿನಿಂದಲೋ ಕಟ್ಟಿದವು. ಒಳಗಿನ ತೇವವು ಸಂದುಗಳ ಮೂಲಕ ಹೊರಗೆ ಹೋಗುತ್ತದೆ. ಅವುಗಳ ಮೇಲೆ ಸಿಮೆಂಟು ಬಳಿದರೆ ತೇವವು ಒಳಗೆ ಸಿಕ್ಕಿಬಿದ್ದು, ಕೆಲವು ವರ್ಷಗಳಲ್ಲಿ ಕಲ್ಲಿನ ಮೈಯೇ ಸಿಪ್ಪೆಯೇಳುತ್ತದೆ. ಬೆಲ್ಲ, ಅಳಲೆಕಾಯಿಯ ನೀರು ಕೂಡಿಸಿ ಸುಣ್ಣ ಅರೆಯುವ ಕೈಗಳು ಹಳ್ಳಿಗಳಲ್ಲಿ ಅಪರೂಪವಾಗುತ್ತಿವೆ. ಆ ವಿದ್ಯೆಯನ್ನು ಎಳೆಯ ಗೌಂಡಿಗಳಿಗೆ ಕಲಿಸುವುದೂ ಸಂರಕ್ಷಣೆಯ ಒಂದು ಅಂಗವೇ. ಬಿದ್ದುಹೋದ ಭಾಗವನ್ನು ಊಹೆಯಿಂದ ಹೊಸದಾಗಿ ಕಟ್ಟಿ ಬಣ್ಣ ಬಳಿಯುವುದು ಆರೈಕೆಯಲ್ಲ. ಊಹೆಯು ಆರಂಭವಾಗುವಲ್ಲಿ ಪುನರ್ನಿರ್ಮಾಣವು ನಿಲ್ಲತಕ್ಕದ್ದೆಂದು ೧೯೬೪ರ ವೆನಿಸಿನ ಸನ್ನದು ಹೇಳಿದ ನಿಯಮವು ಫಿರೋಜಾಬಾದದ ಅರಮನೆಗೆಂತೋ ಹಳ್ಳಿಯ ಹುಡೆಗೂ ಅಂತೆಯೇ ಸಲ್ಲುತ್ತದೆ.

ಕೆಲವರು ಕೇಳುವರು: ಕುಡಿಯುವ ನೀರಿಗೂ ಆಸ್ಪತ್ರೆಗೂ ಹಣವಿಲ್ಲದ ಸೀಮೆಯಲ್ಲಿ ಹಾಳುಗೋಡೆಗಳ ಚಿಂತೆಯೇಕೆ? ಪ್ರಶ್ನೆಯು ನ್ಯಾಯವಾದದ್ದು, ನೀರು ಆಸ್ಪತ್ರೆಗಳೇ ಮೊದಲು. ಆದರೆ ಇಲ್ಲಿ ಕೇಳಿದ್ದು ಕೋಟಿಗಳ ಯೋಜನೆಯನ್ನಲ್ಲ. ಒಂದು ದಾಖಲೆಯ ಪುಸ್ತಕವನ್ನು, ಒಂದು ಠರಾವನ್ನು, ವರ್ಷಕ್ಕೆ ಕೆಲವು ಆಳುಗಳ ಕೂಲಿಯನ್ನು. ಬೇರೆಡೆಯ ಮಕ್ಕಳು ಇತಿಹಾಸವನ್ನು ಪುಸ್ತಕದಲ್ಲಿ ಓದುವರು. ಈ ಸೀಮೆಯ ಮಕ್ಕಳಿಗೆ ತಮ್ಮ ಮುತ್ತಜ್ಜಂದಿರು ಭಯವನ್ನು ಹೇಗೆ ಎದುರಿಸಿದರೆಂಬುದು ಶಾಲೆಯ ಅಂಗಳದಿಂದಲೇ ಕಾಣುತ್ತದೆ. ಅದು ಅರಸನ ದಾನವಲ್ಲ. ಊರಿನವರು ತಾವೇ ಮಣ್ಣು ಹೊತ್ತು ಕಟ್ಟಿದ್ದು. ಅರಸರ ಕೋಟೆಯನ್ನು ಸರಕಾರವು ಕಾಯಲಿ. ಊರು ಕಟ್ಟಿದ್ದನ್ನು ಊರೇ ಕಾಯಬೇಕು. ಕಟ್ಟಿದವರಿಗೆ ಇದ್ದ ಒಗ್ಗಟ್ಟಿನ ಹತ್ತರಲ್ಲೊಂದು ಪಾಲು ಕಾಯುವವರಿಗೆ ಇದ್ದರೂ ಸಾಕು. ಮುಂದಿನ ಮಳೆಗಾಲವನ್ನು ಹುಡೆಯು ನಿಂತೇ ಕಳೆದೀತು.